ಎಕೋಸ್ಪ್ರಿನ್ ಯಾತಕ್ಕೆ ಅಂತ ಕೇಳಿದೆ

ಐವಿಎಫ್ ಡಾಕ್ಟರು ಕೊಟ್ಟ ಚೀಟಿಯಲ್ಲಿ ಅದು ಕೊನೆಯ ಸಾಲು. ಫೋಲಿಕ್ ಆಸಿಡ್, ವಿಟಮಿನ್ ಡಿ, ದಿನಕ್ಕೆ ಮೂರು ಸಲ ಎಸ್ಟ್ರಾಡಿಯಾಲ್, ಆಮೇಲೆ ಶುರು ಮಾಡಬೇಕಾದ ಪ್ರೊಜೆಸ್ಟರಾನ್, ಕೆಳಗೆ ‘ಎಕೋಸ್ಪ್ರಿನ್ 75, ರಾತ್ರಿ ಊಟದ ನಂತರ’, ಅಂದರೆ ಸಣ್ಣ ಡೋಸಿನ ಆಸ್ಪಿರಿನ್. ಮಿಕ್ಕವಕ್ಕೆ ಸಾವಿರಗಟ್ಟಲೆ ಬಿಲ್ಲು. ಇದಕ್ಕೆ 14 ಮಾತ್ರೆಯ ಪಟ್ಟಿಗೆ ಹತ್ತು ರೂಪಾಯಿಯೂ ಇಲ್ಲ. ಅಷ್ಟು ಅಗ್ಗದ್ದನ್ನು ಯಾತಕ್ಕೆ ಅಂತ ಯಾರು ಕೇಳುತ್ತಾರೆ? ಅಪ್ಪನಿಗೆ ಸ್ಟೆಂಟ್ ಹಾಕಿದಾಗಿನಿಂದ ಮನೆಯಲ್ಲಿ ಇದೇ ಮಾತ್ರೆ ಬಿದ್ದಿರುತ್ತಿತ್ತು. ಹಾಗಾಗಿ ನನಗೆ ಅದು ಔಷಧಿ ಅಂತಲೂ ಅನ್ನಿಸಿರಲಿಲ್ಲ.

ಹನ್ನೊಂದು ದಿನ ನುಂಗಿದ ಮೇಲೆ ಜ್ವರ ಬಂತು. ಮೈಸೂರು, ಜುಲೈ ತಿಂಗಳು, ನಮ್ಮ ಬೀದಿಯಲ್ಲೇ ಎರಡು ಮನೆಗೆ ಡೆಂಗಿ. ಮನೆ ಹತ್ತಿರದ ಡಾಕ್ಟರು ‘ಬೇರೆ ಏನಾದ್ರೂ ಮಾತ್ರೆ ತಗೋತಿದ್ದೀರಾ’ ಅಂತ ಸರಿಯಾಗಿಯೇ ಕೇಳಿದರು. ಐವಿಎಫ್‌ಗೆ ಹಾರ್ಮೋನ್ ಮಾತ್ರೆ ನಡೀತಿದೆ ಅಂದೆ, ಅಷ್ಟೇ. ಎಕೋಸ್ಪ್ರಿನ್ ನೆನಪಾಗಲೇ ಇಲ್ಲ. ಅವರು ಪ್ಯಾರಾಸಿಟಮಾಲ್ ಬರೆದುಕೊಟ್ಟರು. ನಾನು ಅದರ ಜೊತೆಗೆ ರಾತ್ರಿ ಇದನ್ನೂ ನುಂಗುತ್ತಾ ಹೋದೆ. ಎರಡು ದಿನಕ್ಕೆ ಡೆಂಗಿಯ ರಕ್ತ ಪರೀಕ್ಷೆ ಎನ್‌ಎಸ್1 ಪಾಸಿಟಿವ್ ಬಂತು, ರಕ್ತಸ್ರಾವ ತಡೆಯುವ ಕಣಗಳಾದ ಪ್ಲೇಟ್‌ಲೆಟ್ 74,000ಕ್ಕೆ ಇಳಿದಿತ್ತು. ಬೆಳಿಗ್ಗೆ ಹಲ್ಲುಜ್ಜಿ ಉಗಿದರೆ ಸಿಂಕ್ ತುಂಬಾ ಕೆಂಪು. ನನ್ನ ಗಂಡ ಮಾತ್ರೆ ಡಬ್ಬಿಯನ್ನೇ ತಂದು ಡಾಕ್ಟರ ಮೇಜಿನ ಮೇಲೆ ಸುರಿದರು. ಅವರು ಒಂದೊಂದೇ ಪಟ್ಟಿ ತಿರುಗಿಸಿ ನೋಡಿ, ಇದೊಂದನ್ನು ಬೆರಳಿಂದ ಪಕ್ಕಕ್ಕೆ ತಳ್ಳಿದರು. ‘ಡೆಂಗಿ ಇರುವಾಗ ಆಸ್ಪಿರಿನ್ ಮುಟ್ಟಬಾರದು ಕಣಮ್ಮ.’ ಇವತ್ತು ನಿಲ್ಲಿಸಿದರೂ ಅದರ ಪ್ರಭಾವ ಇವತ್ತೇ ಹೋಗುವುದಿಲ್ಲ ಅಂತಲೂ ಹೇಳಿದರು. ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ಸಾಯುವವರೆಗೂ ಸರಿಹೋಗದು. ಅದರ ಆಯುಸ್ಸು ಎಂಟು ಹತ್ತು ದಿನ. ಹೊಸವು ಹುಟ್ಟಿಯೇ ತೀರಬೇಕು.

ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿ ಬಂದೆ. ಭ್ರೂಣಗಳು ಫ್ರೀಜ್ ಆಗಿದ್ದರಿಂದ ಅವನ್ನು ಗರ್ಭಕೋಶಕ್ಕೆ ಸೇರಿಸುವ ಟ್ರಾನ್ಸ್‌ಫರ್ ಮುಂದಕ್ಕೆ ಹೋಯಿತು, ಇನ್ನೇನೂ ಕೆಡಲಿಲ್ಲ.

ಎರಡು ತಿಂಗಳ ನಂತರ ಐವಿಎಫ್ ಡಾಕ್ಟರ ಹೊಸ ಚೀಟಿ ಬಂತು. ಅದೇ ಪ್ರಿಂಟು, ಕೊನೆಯಲ್ಲಿ ಅದೇ ಸಾಲು. ಈ ಸಲ ಬಾಯಿಬಿಟ್ಟು ಕೇಳಿದೆ: ಇದು ಯಾತಕ್ಕೆ ಮೇಡಂ? ‘ಗರ್ಭಕೋಶಕ್ಕೆ ರಕ್ತ ಓಡಾಟ ಚೆನ್ನಾಗಿರಲಿ ಅಂತ. ಎಲ್ಲರಿಗೂ ಕೊಡ್ತೀವಿ.’ ಆ ‘ಎಲ್ಲರಿಗೂ’ ನನಗೆ ರುಚಿಸಲಿಲ್ಲ. ಎಲ್ಲರಿಗೂ ಕೊಡುವುದು ತೀರ್ಥ, ಔಷಧಿಯಲ್ಲ. ಒಂದು ವಾರ ಸಮಯ ಕೊಡಿ ಅಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಅದಕ್ಕೆ ಅವರ ಬಗ್ಗೆ ಈಗಲೂ ಗೌರವ.

ನಾನು ಕಾಲೇಜಿನಲ್ಲಿ ಸ್ಟಾಟಿಸ್ಟಿಕ್ಸ್ ಪಾಠ ಮಾಡುವವಳು. ವೈದ್ಯಕೀಯ ಗೊತ್ತಿಲ್ಲದಿದ್ದರೂ ಕೋಷ್ಟಕ ಓದಲು ಬರುತ್ತದೆ. ‘ರಕ್ತ ಓಡಾಟ’ದ ಮಾತು ಸುಳ್ಳೇನಲ್ಲ. ಆಸ್ಪಿರಿನ್ ದೇಹದ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳ ತಯಾರಿಕೆಯನ್ನು ತಡೆಯುತ್ತದೆ ಅಂತ 1971ರಲ್ಲಿ ತೋರಿಸಿದ ಜಾನ್ ವೇನ್‌ಗೆ 1982ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಸಣ್ಣ ಡೋಸಿನಲ್ಲಿ ಅದು ಮುಖ್ಯವಾಗಿ ಪ್ಲೇಟ್‌ಲೆಟ್‌ನಿಂದ ಬರುವ ಥ್ರಾಂಬಾಕ್ಸೇನ್ ಎಂಬ ರಾಸಾಯನಿಕವನ್ನು ಕುಗ್ಗಿಸುತ್ತದೆ. ರಕ್ತನಾಳ ಸಂಕುಚಿತವಾಗುವುದೂ ರಕ್ತ ಗಂಟುಕಟ್ಟುವುದೂ ಕಡಿಮೆ ಆಗಬೇಕು. ಹಾಗಾದರೆ ಭ್ರೂಣ ಕಚ್ಚಿಕೊಳ್ಳುವುದಕ್ಕೂ ಅನುಕೂಲ ಆಗಬೇಕಲ್ಲ?

1999ರಲ್ಲಿ ಅರ್ಜೆಂಟೀನಾದ ಒಂದು ಪ್ರಯೋಗ ಹೌದು ಅಂದಿತು. 298 ಹೆಂಗಸರು, ದಿನಕ್ಕೆ 100 ಮಿಲಿಗ್ರಾಂ. ಆಸ್ಪಿರಿನ್ ತೆಗೆದುಕೊಂಡವರಲ್ಲಿ ಗರ್ಭ ನಿಂತದ್ದು ನೂರಕ್ಕೆ 45, ಉಳಿದವರಲ್ಲಿ 28. ಈ ಒಂದೇ ಕೋಷ್ಟಕ ನೋಡಿದ್ದರೆ ನಾನೂ ಕೈಮುಗಿದು ನುಂಗುತ್ತಿದ್ದೆ. ಆದರೆ ಬೇರೆ ಕಡೆ ಮತ್ತೆ ಮತ್ತೆ ಮಾಡಿ ನೋಡಿದಾಗ ಆ ಅಂತರ ನಿಲ್ಲಲಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2016ರ ಪರಿಶೀಲನೆ ಐವಿಎಫ್‌ನಲ್ಲಿ ಆಸ್ಪಿರಿನ್ ಕೊಟ್ಟ 13 ಪ್ರಯೋಗಗಳನ್ನು, ಒಟ್ಟು 2,653 ಮಂದಿಯನ್ನು ಸೇರಿಸಿ ನೋಡಿ, ವಾಡಿಕೆಯಂತೆ ಎಲ್ಲರಿಗೂ ಕೊಡಲು ಪುರಾವೆ ಇಲ್ಲ ಅಂದಿತು. ಅಮೆರಿಕದ ಈಗರ್ ಪ್ರಯೋಗದಲ್ಲಿ 1,228 ಮಂದಿ ಇದ್ದರು, 2014ರಲ್ಲಿ ಪ್ರಕಟವಾಯಿತು. ಅಲ್ಲಿ ಹೆರಿಗೆ ಆದದ್ದು ಆಸ್ಪಿರಿನ್ ಗುಂಪಿನಲ್ಲಿ ನೂರಕ್ಕೆ 58, ಇನ್ನೊಂದರಲ್ಲಿ 53. ಒಟ್ಟಾರೆ ಲೆಕ್ಕದಲ್ಲಿ ಅದು ಗಟ್ಟಿ ಅಂತರವಲ್ಲ. ಮೇಲಾಗಿ ಅವರು ಹಿಂದೆ ಒಂದೆರಡು ಸಲ ಗರ್ಭ ಕಳೆದುಕೊಂಡು, ಸಹಜವಾಗಿ ಪ್ರಯತ್ನಿಸುತ್ತಿದ್ದವರು. ನಾನು ಅವರ ಸಾಲಿನವಳೇ ಅಲ್ಲ. ನನಗೆ ಒಂದು ಸಲವೂ ನಿಂತೇ ಇರಲಿಲ್ಲ.

ಮನೆಯಲ್ಲಿ ಬೇರೆಯೇ ಪುರಾವೆ ಇತ್ತು. ಚಿಕ್ಕಮ್ಮನ ಮಗಳಿಗೆ ಮೂರು ಗರ್ಭ ಹೋಗಿ, ನಾಲ್ಕನೆಯದರಲ್ಲಿ ಇದೇ ಮಾತ್ರೆಯ ಜೊತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಅನ್ನು ದಿನಾ ಹೊಟ್ಟೆಗೆ ಚುಚ್ಚಿಕೊಂಡು ಮಗು ಉಳಿದಿತ್ತು. ‘ಅವಳಿಗೆ ಆಗಿದ್ದು ನಿನಗೆ ಆಗಲ್ವಾ?’ ಅಂದರು ಅಮ್ಮ. ಆದರೆ ಅವಳಿಗೆ ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್, ದೇಹದ ಪ್ರತಿಕಾಯಗಳೇ ರಕ್ತ ಹೆಪ್ಪುಗಟ್ಟಿಸಿ ಗರ್ಭಕ್ಕೆ ಅಪಾಯ ತರುವ ಕಾಯಿಲೆ. ಹನ್ನೆರಡು ವಾರ ಬಿಟ್ಟು ಎರಡು ಸಲ ರಕ್ತ ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಂಡಿದ್ದರು. ಅಂಥವರಿಗೆ ಆಸ್ಪಿರಿನ್, ಹೆಪಾರಿನ್ ಎರಡೂ ಬೇಕೇ ಬೇಕು. ಅವಳ ಬೀಗದ ಕೈ ನನ್ನ ಬಾಗಿಲಿಗೆ ಹೊಂದುವುದಿಲ್ಲ ಅಂತ ಅಮ್ಮನಿಗೆ ಹೇಳಿದೆ. ಅವರು ಒಪ್ಪಲಿಲ್ಲ.

ವಾರದ ನಂತರ ಡಾಕ್ಟರ ಮುಂದೆ ಕೂತು ಒಂದೇ ಪ್ರಶ್ನೆ ಕೇಳಿದೆ: ನನಗೆ, ನನ್ನ ರಿಪೋರ್ಟ್ ನೋಡಿ, ಇದನ್ನು ಕೊಡಲೇಬೇಕಾದ ಕಾರಣ ಇದೆಯಾ? ಅವರು ಫೈಲ್ ಮೊದಲಿಂದ ತಿರುವಿದರು. ಗರ್ಭಪಾತ ಇಲ್ಲ, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇಲ್ಲ, ಗರ್ಭಕೋಶದ ಒಳಪದರ (ಲೈನಿಂಗ್) 9 ಮಿಲಿಮೀಟರ್. ‘ಇಲ್ಲ, ಬೇಡ ಅಂದ್ರೆ ಬಿಡೋಣ’ ಅಂದು ಆ ಸಾಲಿನ ಮೇಲೆ ಪೆನ್ನು ಎಳೆದು, ಪಕ್ಕದಲ್ಲಿ ಸಹಿ ಹಾಕಿದರು. ಆ ಗೀಟು ನನಗೆ ಮುಖ್ಯವಾಗಿತ್ತು. ಚೀಟಿಯಲ್ಲಿದ್ದದ್ದನ್ನು ಮನೆಗೆ ಬಂದು ಗುಟ್ಟಾಗಿ ಬಿಡುವುದು ಬೇರೆ, ಬರೆದವರ ಕೈಯಲ್ಲೇ ಹೊಡೆಸುವುದು ಬೇರೆ.

ಆ ಟ್ರಾನ್ಸ್‌ಫರ್ ಕೈಕೊಟ್ಟಿತು. ಗರ್ಭ ನಿಂತಿದೆಯೇ ಅಂತ ನೋಡುವ ರಕ್ತ ಪರೀಕ್ಷೆ, ಬೀಟಾ ಎಚ್‌ಸಿಜಿ, ನೆಗೆಟಿವ್. ಫೋನ್ ಇಟ್ಟ ಕೂಡಲೇ ತಲೆಗೆ ಬಂದದ್ದು ಆ ಗೀಟು. ತಗೊಂಡಿದ್ದರೆ? ಅಮ್ಮ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎರಡು ದಿನ ನನ್ನ ಮುಖ ನೋಡದೆ ಊಟ ಬಡಿಸಿದರು. 2,653 ಜನರ ಲೆಕ್ಕವನ್ನು ರಾತ್ರಿ ಎರಡು ಗಂಟೆಗೆ ನನಗೆ ನಾನೇ ಪಾಠ ಮಾಡಿಕೊಂಡೆ. ತರಗತಿಯಲ್ಲಿ ಅಷ್ಟು ಸಲೀಸಾಗಿ ಹೇಳುವ ಮಾತು, ಸ್ವಂತ ಹೊಟ್ಟೆಯ ವಿಷಯಕ್ಕೆ ಬಂದರೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಎರಡನೇ ಸಲಕ್ಕೆ ತಗೊಂಡುಬಿಡಲೇ ಅಂತ ಗಂಡನನ್ನು ಕೇಳಿದೆ. ‘ಹೊಸ ವಿಷಯ ಏನಾದ್ರೂ ಗೊತ್ತಾಯ್ತಾ?’ ಅಂದರು. ಇಲ್ಲ, ಹೆದರಿಕೆ ಮಾತ್ರ ಹೊಸದು. ಬಿಟ್ಟೆ.

ಎರಡನೆಯದು ನಿಂತಿತು. ಮಾತ್ರೆ ಬಿಟ್ಟಿದ್ದಕ್ಕೇ ನಿಂತಿತು ಅಂತ ಹೇಳಿದರೆ ಚಿಕ್ಕಮ್ಮನ ಮಗಳ ಕತೆ ಹೇಳಿದ ಅಮ್ಮನಿಗೂ ನನಗೂ ವ್ಯತ್ಯಾಸ ಇರುವುದಿಲ್ಲ.

ಹನ್ನೆರಡನೇ ವಾರಕ್ಕೆ ಹೆರಿಗೆ ಡಾಕ್ಟರ ಹತ್ತಿರ ಹೋದರೆ, ಅವರು ಬರೆದದ್ದು ಎಕೋಸ್ಪ್ರಿನ್ 150! ನಗು ಬಂತು. ಯಾತಕ್ಕೆ ಅಂತ ಕೇಳಿದೆ, ಅಭ್ಯಾಸವಾಗಿತ್ತಲ್ಲ. ಈ ಸಲ ಅವರ ಉತ್ತರ ನನ್ನ ಬಗ್ಗೆಯೇ ಆಗಿತ್ತು: ಮೊದಲ ಬಸಿರು, ವಯಸ್ಸು 36, ಐವಿಎಫ್, ಜೊತೆಗೆ ನನ್ನನ್ನು ಹೆರುವಾಗ ಅಮ್ಮನಿಗೆ ಬಿಪಿ ಏರಿ ಎಂಟನೇ ತಿಂಗಳಿಗೇ ಹೆರಿಗೆ ಮಾಡಿಸಿದ್ದರು. ಇದು ಗರ್ಭ ನಿಲ್ಲಿಸುವುದಕ್ಕಲ್ಲ, ಬಸಿರಿನಲ್ಲಿ ಬಿಪಿ ಏರಿ ತಾಯಿಗೂ ಮಗುವಿಗೂ ಅಪಾಯ ತರುವ ಪ್ರಿಎಕ್ಲಾಂಪ್ಸಿಯಾ ತಡೆಯುವುದಕ್ಕೆ. 2017ರ ಆಸ್ಪ್ರೆ ಪ್ರಯೋಗ ಅಪಾಯ ಹೆಚ್ಚಿದ್ದ 1,776 ಗರ್ಭಿಣಿಯರಲ್ಲಿ ಇದೇ 150 ಮಿಲಿಗ್ರಾಂ ಅನ್ನು ರಾತ್ರಿ ಹೊತ್ತು ಕೊಟ್ಟು ನೋಡಿತ್ತು. 37 ವಾರಕ್ಕೆ ಮೊದಲೇ ಬರುವ ಪ್ರಿಎಕ್ಲಾಂಪ್ಸಿಯಾ ನೂರಕ್ಕೆ 4.3ರಿಂದ 1.6ಕ್ಕೆ ಇಳಿದಿತ್ತು. ಡೆಂಗಿಯ ಕತೆ ಅವರಿಗೆ ಹೇಳಿದೆ. ಜ್ವರ ಬಂದರೆ ಮೊದಲು ಫೋನ್, ಆಮೇಲೆ ಮಾತ್ರೆ ಅಂದರು. ಆವತ್ತು ರಾತ್ರಿಯೇ ಶುರು ಮಾಡಿದೆ.

ಹೀಗೆ ಮನೆಯಲ್ಲಿ ಒಂದೇ ಡಬ್ಬಿಯೊಳಗೆ ಎರಡು ಎಕೋಸ್ಪ್ರಿನ್ ಬಂದವು. ಒಂದು ರಾತ್ರಿ ಅಪ್ಪ ನನ್ನದನ್ನು ನುಂಗಿದರು. ಮಾರನೆಯ ದಿನ ಅಮ್ಮ ಸ್ಕೆಚ್ ಪೆನ್ನಿಂದ ಅಪ್ಪನ ಪಟ್ಟಿಯ ಮೇಲೆ ‘ಹಾರ್ಟು’, ನನ್ನದರ ಮೇಲೆ ‘ಪಾಪು’ ಅಂತ ಬರೆದಿಟ್ಟರು. 36ನೇ ವಾರಕ್ಕೆ ಡಾಕ್ಟರು ನಿಲ್ಲಿಸಿ ಅಂದಾಗ ‘ಪಾಪು’ ಪಟ್ಟಿಯಲ್ಲಿ ನಾಲ್ಕು ಮಾತ್ರೆ ಉಳಿದಿತ್ತು. ಅಮ್ಮ ಅದನ್ನು ಎಸೆಯಲು ಬಿಡಲಿಲ್ಲ.