ದೇವರಕಾಡಿಗೆ ದುಡ್ಡು ಹೊಂದಿಸುವುದು ಹೇಗೆ?

ಮೂಡಿಗೆರೆ, ಸಕಲೇಶಪುರದ ಕಡೆ ಜೂನ್ ಬಂತೆಂದರೆ ಗಿಡ ನೆಡುವವರಿಗೆ ಬರವಿಲ್ಲ. ನೆಟ್ಟು, ಫೋಟೊ ತೆಗೆಸಿಕೊಂಡು, ಉಪ್ಪಿಟ್ಟು ತಿಂದು ಹೊರಡುತ್ತಾರೆ. ಮಾರ್ಚಿನಲ್ಲಿ ನೀರು ಹಾಕುವವರು ಯಾರು? ಊರಿನ ದೇವರಕಾಡನ್ನು ಮತ್ತೆ ಬೆಳೆಸಬೇಕೆಂದಿದ್ದರೆ ಮೂರು ವರ್ಷ ಸಾಕುವ ಖರ್ಚಿಗೇ ದುಡ್ಡು ಕೇಳಿ.

ಮೊದಲು ಪಹಣಿ ತೆಗೆಸಿ. ಗೋಮಾಳವೋ, ದೇವಸ್ಥಾನದ್ದೋ, ಅರಣ್ಯ ಇಲಾಖೆಯದೋ ಗೊತ್ತಾಗದೆ ಯಾರೂ ಹಣ ಕೊಡುವುದಿಲ್ಲ. ಸರ್ಕಾರಿ ಜಾಗವಾದರೆ ಬಾಯಿಮಾತು ಸಾಲದು, ಒಪ್ಪಿಗೆ ಪತ್ರ ಬೇಕು. ಹಾಗೇ ಒಂದು ಮಾತು: ಬಾಬಾಬುಡನ್‌ಗಿರಿ ಸಾಲಿನ ಹುಲ್ಲುಗಾವಲನ್ನು ಬೋಳು ಜಾಗ ಅಂದುಕೊಂಡು ಗಿಡ ನೆಡಬೇಡಿ. ಮಳೆನೀರು ಇಂಗಿಸಿ ಹಳ್ಳಕ್ಕೆ ಬಿಡುವುದು ಆ ಹುಲ್ಲೇ. ಅಲ್ಲಿ ಕಳೆ ಕೀಳಿಸಿದರೆ ಸಾಕು.

ಆಮೇಲೆ ಎಸ್ಟಿಮೇಟ್. ಸಸಿಯ ಬೆಲೆ ಇದರಲ್ಲಿ ಚಿಲ್ಲರೆ ಲೆಕ್ಕ. ದುಡ್ಡು ನುಂಗುವುದು ಬೇಲಿ ಮತ್ತು ಕೂಲಿ. ಲಂಟಾನ ಕಳೆಯನ್ನು ಒಮ್ಮೆ ಕಿತ್ತರೆ ಮುಗಿಯುವುದಿಲ್ಲ, ಮಳೆ ನಿಂತ ಮೇಲೆ ಮತ್ತೆ ಚಿಗುರುತ್ತದೆ. ಬೇಸಿಗೆಗೆ ಮೊದಲು, ಬೆಂಕಿ ಒಳಗೆ ಹಬ್ಬದಂತೆ ಸುತ್ತಲಿನ ಹುಲ್ಲು ತೆಗೆಸಿ ಬೆಂಕಿ ರೇಖೆ ಸವರಿಸಬೇಕು. ಅದೇ ಹೊತ್ತಿಗೆ ಕಾಫಿ ಕೊಯ್ಲು, ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಜಾಸ್ತಿ. ಅದನ್ನು ಈಗಲೇ ಬರೆದಿಡಿ. ಸತ್ತ ಗಿಡದ ಜಾಗಕ್ಕೆ ಹೊಸದು ನೆಡುವ ಖರ್ಚೂ ಇರಲಿ.

ಗಿಡಗಳ ಪಟ್ಟಿಯಲ್ಲಿ ಅತ್ತಿ, ಗೋಣಿ, ಬಸರಿ ಮೊದಲಿರಲಿ. ಬೇರೆ ಮರಗಳಲ್ಲಿ ಹಣ್ಣಿಲ್ಲದ ದಿನಗಳಲ್ಲೂ ಇವುಗಳಲ್ಲಿ ಯಾವುದಾದರೊಂದು ಹಣ್ಣು ಬಿಟ್ಟಿರುತ್ತದೆ. ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಅದನ್ನು ತಿನ್ನಲು ಬಂದಾಗ ಬೇರೆ ಕಾಡುಮರಗಳ ಬೀಜವನ್ನೂ ಬೀಳಿಸಿ ಹೋಗುತ್ತದೆ, ಬಿಟ್ಟಿ ಕೂಲಿ! ನೇರಳೆ, ರಾಮಪತ್ರೆ ಜೊತೆಗಿರಲಿ. ಸಿಲ್ವರ್ ಓಕ್ ಬೇಡ. ಆಸ್ಟ್ರೇಲಿಯಾದ ಆ ಮರ ತೋಟಗಳಲ್ಲಿ ತುಂಬಿರುವುದಕ್ಕೆ ಕಾರಣವಿದೆ: ಮೆಣಸಿನ ಬಳ್ಳಿ ಚೆನ್ನಾಗಿ ಹಬ್ಬುತ್ತದೆ, ಕಡಿಯಲು ಪರವಾನಗಿಯ ತಲೆನೋವಿಲ್ಲ. ಬೆಳೆಗಾರರನ್ನು ಸುಮ್ನೆ ಬೈಯುವಂತಿಲ್ಲ. ದೇವರಕಾಡಿಗೆ ಆ ಲೆಕ್ಕಾಚಾರ ಬೇಡ, ಅಲ್ವಾ?

ಇನ್ನು ದುಡ್ಡಿನ ಮೂಲ. ಸ್ವಂತ ಜಮೀನಾದರೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಿದೆ. ರೇಂಜರ್ ಆಫೀಸಿನಲ್ಲಿ ವಿಚಾರಿಸಿ. ಬದುಕಿದ ಪ್ರತಿ ಗಿಡಕ್ಕೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ ಎಂದು ದರ ಇಟ್ಟಿರುವ ಯೋಜನೆ ಇದು. ಊರಿನ ಜಾಗಕ್ಕೆ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಎಬ್ಬಿಸಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅದು ಇರಲೇಬೇಕು.

ದೊಡ್ಡ ಮೊತ್ತ ಬೇಕಿದ್ದರೆ ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಇಂಥ ಕೆಲಸಗಳಿಗೆ ಖರ್ಚು ಮಾಡಬೇಕು. ಪಡೆಯುವ ಟ್ರಸ್ಟಿಗೆ ಆದಾಯ ತೆರಿಗೆ ಇಲಾಖೆಯ ನೋಂದಣಿಗಳು (12ಎ, 80ಜಿ ಎಂದೇ ರೂಢಿ) ಮತ್ತು ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಬೇಕು. ನಿಮ್ಮದಿಲ್ಲದಿದ್ದರೆ, ಇರುವ ಟ್ರಸ್ಟಿನ ಜೊತೆ ಸೇರಿಕೊಳ್ಳಿ.

ಕೊಡುವವರಿಗೆ ನೀವೇ ಹೇಳಿ: ಹಣ ಒಟ್ಟಿಗೆ ಬೇಡ, ಮೂರು ಕಂತಿನಲ್ಲಿ ಕೊಡಿ, ಪ್ರತಿ ಜನವರಿಯಲ್ಲಿ ಉಳಿದ ಗಿಡ ಎಣಿಸಿ ಲೆಕ್ಕ ಕೊಡುತ್ತೇವೆ ಎಂದು. ಜಂಟಿ ಖಾತೆ ತೆರೆಯಿರಿ, ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ. ಅರ್ಜಿಯನ್ನು ಜನವರಿಯೊಳಗೆ ಕಳಿಸಿದರೆ ಮೇ ತಿಂಗಳಿಗೆ ಗುಂಡಿ ತೆಗೆಯಲು ಹಣ ಕೈಗೆ ಬಂದೀತು. ಜೂನ್‌ನಲ್ಲಿ ಕಳಿಸಿದರೆ ಆ ವರ್ಷದ ಮುಂಗಾರು ಕೈತಪ್ಪಿತು ಅಂತಲೇ ಲೆಕ್ಕ.