ಬದುವಿನ ಜಗಳ ಬಗೆಹರಿಸಿಕೊಳ್ಳುವುದು ಹೇಗೆ?

ಅಕ್ಕಪಕ್ಕದ ಹೊಲದವರು ಮಾತು ಬಿಟ್ಟು ಸುಮ್ಮನಿದ್ದರೆ ಅದು ಶಾಂತಿಯಲ್ಲ, ಮುಂದಿನ ಉಳುಮೆಯವರೆಗಿನ ಬಿಡುವು ಅಷ್ಟೇ. ಇಬ್ಬರೂ ಒಂದೇ ಬದುವಿನ ಮೇಲೆ ಅಳುಕಿಲ್ಲದೆ ಓಡಾಡುವಂತಾಗಬೇಕು.

ಮೊದಲು ಅಳತೆ. ನಾಡಕಚೇರಿಯಲ್ಲಿ ಹದ್ದುಬಸ್ತಿಗೆ, ಅಂದರೆ ಜಮೀನು ಅಳೆದು ಗಡಿ ಗುರುತಿಸಿಕೊಡಲು, ಅರ್ಜಿ ಹಾಕಿ. ಪಹಣಿ ವಿಸ್ತೀರ್ಣ ಹೇಳುತ್ತದೆಯೇ ಹೊರತು ಗಡಿ ಎಲ್ಲಿದೆ ಎಂದು ತೋರಿಸುವುದಿಲ್ಲ. ಎಷ್ಟೋ ಜಗಳ ಹುಟ್ಟುವುದು ಇಲ್ಲೇ. ಭೂಮಾಪಕರು ಬರುವ ದಿನ ಪಕ್ಕದವರನ್ನೂ ಕರೆದು ನಿಲ್ಲಿಸಿಕೊಳ್ಳಿ. ಅವರ ಕಣ್ಣೆದುರು ನೆಡದ ಕಲ್ಲು ಬೆಳಗಾಗುವಷ್ಟರಲ್ಲಿ ಕಿತ್ತುಹೋಗಿರಬಹುದು.

ಆಗಲೂ ಒಪ್ಪಿಗೆಯಾಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಕೇಸು ಹಾಕುವ ಮೊದಲೇ ಲೋಕ ಅದಾಲತ್‌ಗೆ ಅರ್ಜಿ ಕೊಡಬಹುದು, ಶುಲ್ಕವಿಲ್ಲ. ಕೇಸು ನಡೆಯುತ್ತಿರುವಾಗ ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ.

ರಾಜಿ ಪತ್ರವನ್ನು ಅವಸರದಲ್ಲಿ ಬರೆಸಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಲೋಕ ಅದಾಲತ್‌ನ ತೀರ್ಮಾನ ಸಿವಿಲ್ ಕೋರ್ಟಿನ ಡಿಕ್ರಿಗೆ (ತೀರ್ಪಿನ ಆದೇಶಕ್ಕೆ) ಸಮ, ಅದಕ್ಕೆ ಮೇಲ್ಮನವಿ ಇಲ್ಲ. ‘ಹೊಂದಿಕೊಂಡು ಹೋಗುತ್ತೇವೆ’ ಎಂದಷ್ಟೇ ಬರೆದರೆ ಮೊದಲ ಮಳೆಗೇ ಮತ್ತೆ ಜಗಳ. ಗಾಡಿ ದಾರಿ ಎಷ್ಟು ಅಡಿ, ಬದುವಿನ ಬೇವಿನ ಮರ ಯಾರದು, ಮಳೆನೀರು ಯಾವ ಕಡೆ ಹರಿಯಬೇಕು, ಬದುವಿಗೆ ಮಣ್ಣು ಹಾಕುವವರು ಯಾರು ಎಂದು ಬಿಡಿಸಿ ಬರೆಸಿ. ಜಂಟಿ ಖಾತೆಯಾಗಿದ್ದರೆ ಮದುವೆಯಾಗಿ ಹೋದ ಅಕ್ಕತಂಗಿಯರನ್ನೂ ಸೇರಿಸಿ ಎಲ್ಲ ಪಾಲುದಾರರ ಸಹಿ ಹಾಕಿಸಲೇಬೇಕು.