ಮಂಜು ಕವಿದ ಭಿಗವಣದಲ್ಲಿ ಹಕ್ಕಿಗಳನ್ನು ಎಣಿಸುವ ಬಗೆ

ಪುಣೆಯಿಂದ ಸೊಲ್ಲಾಪುರದ ರಸ್ತೆಯಲ್ಲಿ ಸುಮಾರು 100 ಕಿಲೋಮೀಟರ್ ದೂರವಿರುವ ಭಿಗವಣಕ್ಕೆ, ಅಂದರೆ ಭೀಮಾ ನದಿಯ ಉಜನಿ ಜಲಾಶಯದ ಹಿನ್ನೀರಿಗೆ, ಚಳಿಗಾಲದಲ್ಲಿ ರಾಜಹಂಸಗಳೂ (ಫ್ಲೆಮಿಂಗೊ) ಮಧ್ಯ ಏಷ್ಯಾದ ಪಟ್ಟೆತಲೆ ಹೆಬ್ಬಾತುಗಳೂ ಬಂದಿಳಿಯುತ್ತವೆ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಜನವರಿಯಲ್ಲೇ ನಡೆಯುತ್ತಿರುವುದರಿಂದ, ಎಣಿಸಲು ಹೋಗುವವರು ಕೊರೆಯುವ ಚಳಿಗೂ ಮಂಜಿಗೂ ಸಿದ್ಧರಾಗಿಯೇ ಹೊರಡಬೇಕು. ಸ್ವೆಟರ್, ಕಿವಿ ಮುಚ್ಚುವ ಟೋಪಿ ಇರಲಿ.

ಬರೆಯಲು ಪೆನ್ಸಿಲ್ಲನ್ನೇ ಒಯ್ಯಿರಿ. ಇಬ್ಬನಿಗೆ ಹಾಳೆ ಒದ್ದೆಯಾದರೆ ಪೆನ್ನಿನ ಶಾಯಿ ಹರಡಿ 17 ಯಾವುದು, 77 ಯಾವುದು ಎಂದು ತಿಳಿಯದಂತಾಗುತ್ತದೆ. ಒಬ್ಬರು ದುರ್ಬೀನಿನಿಂದ ಕಣ್ಣು ತೆಗೆಯದೆ ಸಂಖ್ಯೆ ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ.

ಮಂಜು ತೆಳುವಾಗುವವರೆಗೆ ಕಾಯುವುದೇ ಲೇಸು, ಏಕೆಂದರೆ ಅರೆಬರೆ ಕಂಡ ಹಿಂಡನ್ನು ಊಹೆಯಿಂದ ತುಂಬಿಸಿದ ಪಟ್ಟಿಗಿಂತ ತಡವಾದ ಪಟ್ಟಿ ಹೆಚ್ಚು ಬೆಲೆಯುಳ್ಳದ್ದು. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ನಿಂತು, ದೊಡ್ಡ ಹಿಂಡಾದರೆ ಮೊದಲು ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಅವು ಆವರಿಸಿದ ಜಾಗದ ಅಳತೆಯನ್ನು ಕಣ್ಣಿನಲ್ಲಿ ಹಿಡಿದು, ಅದೇ ಅಳತೆಯನ್ನು ಎಡದಿಂದ ಬಲಕ್ಕೆ ಸರಿಸುತ್ತಾ ಹೋಗಬೇಕು. ಎರಡು ಸಲ ಎಣಿಸಿ. ಲೆಕ್ಕಗಳ ಅಂತರ ಹೆಚ್ಚಿದ್ದರೆ ಮೂರನೆಯ ಸಲವೂ ಎಣಿಸಿ.

ನಾವು ರಾಜಹಂಸವೆನ್ನುವ ಹಕ್ಕಿಯನ್ನು ಅಲ್ಲಿನ ಮರಾಠಿ ದೋಣಿಯವರು ರೋಹಿತ ಎನ್ನುತ್ತಾರೆ. ಒಂದೇ ಹಕ್ಕಿ ಎರಡು ಹೆಸರಿನಲ್ಲಿ ಪಟ್ಟಿ ಸೇರದಂತೆ ನೋಡಿಕೊಳ್ಳಿ. ದೋಣಿಯನ್ನು ಹಿಂಡಿನ ಹತ್ತಿರಕ್ಕೆ ಒಯ್ಯಲು ಹೇಳಬೇಡಿ. ಚಳಿಯಲ್ಲಿ ಹಾರಿಸಿದ ಹಕ್ಕಿ ಮೇಯುವ ಸಮಯವನ್ನೂ ಮೈಯ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ, ನಮ್ಮ ಎಣಿಕೆಯೂ ಕೆಡುತ್ತದೆ. ಆರಂಭಿಸಿದ ವೇಳೆ, ಮುಗಿಸಿದ ವೇಳೆ, ಮಂಜಿನಲ್ಲಿ ಎಷ್ಟು ದೂರ ಕಾಣುತ್ತಿತ್ತು ಎಂಬುದನ್ನು ಅಲ್ಲೇ ದಡದಲ್ಲಿ ಕುಳಿತು ಬರೆದಿಡಿ.